ಅರವತ್ತೊಂಬತ್ತು ಜಿ.ಬಿ.

ಹೆಡ್ ಆಫೀಸಿನಿಂದ ವಿಚಾರಣೆಗೆ ಬಂದ ಮೇಡಂ ಎದುರು ಮ್ಯಾನೇಜರು ಬೆವರುತ್ತಿದ್ದರು. ಗೋದಾಮಿನ ಕ್ಯಾಮೆರಾ ಡಿಸ್ಕಿನ ಡಬ್ಬದ ಮೇಲೆ ಸಾವಿರ ಜಿ.ಬಿ. ಎಂದಿದೆ, ಕಂಪ್ಯೂಟರು ಒಂಬೈನೂರ ಮೂವತ್ತೊಂದು ತೋರಿಸುತ್ತದೆ, ಉಳಿದದ್ದನ್ನು ಇವರು ಅಳಿಸಿದ್ದಾರೆ ಎಂದು ದೂರು ಕೊಟ್ಟವನು ಅಲ್ಲಿನ ಕಾವಲುಗಾರನಾದ ನಾನು. ದೂರು ನಿಜವಾದರೆ ಅವರ ಕೆಲಸ ಹೋಗುತ್ತಿತ್ತು.

"ಮೂರನೇ ಕ್ಲಾಸು ಓದಿದ ಮುದುಕನ ಮಾತು ಕೇಳ್ತೀರಾ ಮೇಡಂ?"

"ಓದಿದೋರು ನೀವೇ ಬಿಡಿಸಿ ಹೇಳಿ ಸ್ವಾಮಿ," ಎಂದೆ.

"ಕೇಳು ಹಾಗಾದ್ರೆ. ಡಿಸ್ಕ್ ಮಾಡೋರು ಸಾವಿರಕ್ಕೆ ಒಂದು ಅಂತ ಎಣಿಸ್ತಾರೆ. ಕಂಪ್ಯೂಟರು ಸಾವಿರದ ಇಪ್ಪತ್ನಾಲ್ಕಕ್ಕೆ ಒಂದು ಅಂತ ಎಣಿಸುತ್ತೆ, ಅದೂ ಕೆ.ಬಿ., ಎಂ.ಬಿ., ಜಿ.ಬಿ. ಅಂತ ಮೂರು ಸಲ. ಇರೋದು ಅಷ್ಟೇ ಇದೆ, ಎಣಿಕೆ ಬೇರೆ. ಯಾರೂ ಏನೂ ಅಳಿಸಿಲ್ಲ."

ಮೇಡಂ ಫೋನಿನಲ್ಲಿ ಲೆಕ್ಕ ಹಾಕಿ ತಲೆಯಾಡಿಸಿದರು. "ಸರಿಯಾಗಿದೆ. ಇದು ನಿಮಗೆ ಯಾವಾಗಿಂದ ಗೊತ್ತು?"

"ಇಪ್ಪತ್ತು ವರ್ಷ ಆಯ್ತು ಮೇಡಂ, ಕಾಲೇಜಲ್ಲೇ ಓದಿದ್ದು!" ಮ್ಯಾನೇಜರು ನನ್ನತ್ತ ತಿರುಗಿ ನಕ್ಕರು. "ಏನ್ ತಾತ, ತಲೆಗೆ ಹತ್ತಿತಾ?"

"ಹತ್ತಿತು ಸ್ವಾಮಿ. ನೀವು ಹೇಳಿದ್ದನ್ನ ಮೇಡಂ ಬರ್ಕೊಂಡಿದಾರಲ್ಲ, ಅದಕ್ಕೊಂದು ಸೈನ್ ಹಾಕ್ಬಿಡಿ."

ಅವರು ಉತ್ಸಾಹದಿಂದಲೇ ಹಾಕಿದರು. ಎಂಟು ವರ್ಷದಿಂದ ಜೋಪಾನ ಮಾಡಿದ್ದ ಕಾಗದವನ್ನು ನಾನು ಅದರ ಪಕ್ಕ ಬಿಡಿಸಿಟ್ಟೆ. ಮೇಡಂ ಗಟ್ಟಿಯಾಗಿ ಓದಿದರು: "ಡಿಸ್ಕಿನಿಂದ ಅರವತ್ತೊಂಬತ್ತು ಜಿ.ಬಿ. ಅಳಿಸಿದ್ದಕ್ಕಾಗಿ ಕ್ಯಾಮೆರಾ ಕೋಣೆಯ ಶಿವಗಂಗಾ ಅವರನ್ನು ಕೆಲಸದಿಂದ ವಜಾ ಮಾಡಿದೆ. ಸಹಿ, ಮ್ಯಾನೇಜರು."

"ಅವಳು ನನ್ನ ಮಗಳು ಮೇಡಂ," ಎಂದೆ. "ಈಗ ನನ್ನ ದೂರು ಬರ್ಕೊಳ್ಳಿ."