ವಿರುಪಣ್ಣನ ಬೀಗ

ಶೇಖರಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಗಂಡನನ್ನು ಮಣ್ಣು ಮಾಡಿ, ಬಂದ ನೆಂಟರೆಲ್ಲ ಹೋದ ಮೇಲಿನ ಮೊದಲ ಬೆಳಗು. ಅಳು ಬರಲಿಲ್ಲ. ರೊಟ್ಟಿ ದುಂಡಗೇ ಬಂತು.

ನೆರೆಮನೆಯ ಪಕ್ಕೀರವ್ವ ಹೊಸ್ತಿಲ ಮೇಲೆ ಕೂತು ಕೇಳಿದಳು, “ಹೈದರಾಬಾದ್ ಹೆಂಗಿತ್ತವಾ?”

“ಭಾಳ ದೊಡ್ಡದು. ಒಂದ ದಿನದಾಗ ನೋಡಿ ಮುಗಿಯೂದಿಲ್ಲ. ನಾಕು ಮಿನಾರ, ಬರೇ ಬಳಿ ಅಂಗಡಿ ಇರೂ ಓಣಿ, ಹೊಳಿ ಸೇತುವಿ ಮ್ಯಾಲೆ ಸಾಲಾಗಿ ಮೋಟಾರು.”

“ಪುಣ್ಯವಂತಿ. ಎಲ್ಲಾ ಕಂಡು ಬಂದಿ.”

ಅವಳು ಹೇಳಿದ್ದೆಲ್ಲ ಗಂಡ ಅಂದಪ್ಪ ಸಂಜೆ ಬಂದು ಹೇಳುತ್ತಿದ್ದದ್ದು. ಅಲ್ಲಿ ಹತ್ತಿ ವ್ಯಾಪಾರಿಯ ಗುಮಾಸ್ತನಾಗಿದ್ದ ಅವನು ಹೆಂಡತಿಯನ್ನು ಒಂದು ಕೋಣೆಯಲ್ಲಿಟ್ಟಿದ್ದ. ದಿನಾ ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದ. “ಬಾಗಲಾ ಅಲ್ಲಾಡಿಸಿದ್ರ ಮಂದಿ ಕೂಡ್ತಾರ. ಮಾನ ಹೋಗ್ತೈತಿ” ಎಂದಿದ್ದ. ಅವಳು ಅಲ್ಲಾಡಿಸಲಿಲ್ಲ. ಅವಳ ಪಾಲಿಗೆ ಆ ಶಹರವೆಂದರೆ ಕಿಟಕಿಗೆ ಎದುರಿನ ಗೋಡೆ, ಟಾಂಗಾದ ಸದ್ದು, ಯಾರದೋ ಒಗ್ಗರಣೆಯ ವಾಸನೆ. ಸಂಜೆ ಅವನ ಚಪ್ಪಲಿಯ ಸದ್ದು ನಿಂತ ಕೂಡಲೇ ಬಾಗಿಲು ತೆರೆಯುತ್ತಿತ್ತು.

ತಮ್ಮೂರು ಯಲಬುರ್ಗಾದಲ್ಲಿ ಮಾಳಿಗೆ ಹತ್ತಿದರೆ ಎರೆಹೊಲ ಆಕಾಶದವರೆಗೂ ಕಾಣುತ್ತಿತ್ತು. ಇಲ್ಲಿ ಜನ ಬಾಗಿಲಿಗೆ ಚಿಲಕ ಹಾಕುತ್ತಿದ್ದದ್ದು ನಾಯಿ ನುಗ್ಗದಿರಲೆಂದು. ಹೈದರಾಬಾದಿನ ಆ ಕೋಣೆಯಲ್ಲಿ ಎರಡು ವರ್ಷ ಕಳೆದ ಮೇಲೆ ಅಂದಪ್ಪನಿಗೆ ಜ್ವರ ಹತ್ತಿತು. ಊರಿಗೆ ಬಂದರು.

ಅತ್ತೆ ಬಸವಣ್ಣೆಮ್ಮ ಒಳಗಿನಿಂದ ಆ ಬೀಗ ತಂದಿಟ್ಟಳು. ಮಗನ ಉಡದಾರದಿಂದ ಬಿಚ್ಚಿದ ಕೀಲಿಕೈಯೂ ಜೊತೆಗಿತ್ತು. ಅದರ ಹಲ್ಲು ಮುಚ್ಚುವಷ್ಟು ತುಕ್ಕು. ಬೆವರಿಗಿರಬೇಕು ಎಂದುಕೊಂಡಳು ಶೇಖರಮ್ಮ.

“ಈ ಬೀಗ ಅಂಗಡಿ ವಿರುಪಣ್ಣಂದು. ಅಂದಪ್ಪ ಹೈದರಾಬಾದಿಗೆ ಹೋಗೂ ಮುಂದ ಇಸಕೊಂಡಿದ್ದ. ಸತ್ತಾವ ಇಸಕೊಂಡಿದ್ದನ್ನ ಹೆಂಡ್ತಿನೇ ಮುಟ್ಟಿಸಬೇಕು. ಕೊಟ್ಟು ಬಾ.”

“ಅತ್ತೀ, ಕೊಪ್ಪಳದ ಸಾಲಿಯವರು ಹುಡುಗರಿಗೆ ಕಲಸೂ ನೌಕರಿಗೆ ಇವತ್ತ ಬಾ ಅಂದಾರ. ತಪ್ಪಿದ್ರ ಬ್ಯಾರೆದವರನ್ನ ತಗೋತಾರಂತ.”

“ಪಂತಮ್ಮ ಆಗ್ತೀಯೇನು? ಆಗು. ಬಸ್ಸು ಹತ್ತಿದಿ ಅಂದ್ರ ಈ ಮನಿ ಬಾಗಲಾ ನಿನಗ ಮುಚ್ಚಿದಂಗ.”

ಶೇಖರಮ್ಮ ಬೀಗ, ಕೀಲಿಕೈ ಎತ್ತಿಕೊಂಡಳು. ತವರಿನಲ್ಲಿ ಅವಳು ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದಳು. ಈ ಮನೆಯಲ್ಲಿ ಎದುರು ಮಾತಾಡಲು ಯಾರೂ ಕಲಿಸಿರಲಿಲ್ಲ. ಬಸ್ಸಿನ ಚಾರ್ಜನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು, ಹತ್ತುವ ಧೈರ್ಯವಿರಲಿಲ್ಲ.

ವಿರುಪಣ್ಣನ ಅಂಗಡಿ ಬಸ್ಸು ನಿಲ್ಲುವಲ್ಲೇ ಇತ್ತು. ಕೊಪ್ಪಳದ ಬಸ್ಸು ಗುರುಗುಡುತ್ತ ನಿಂತಿತ್ತು. ಅವಳು ಅತ್ತ ನೋಡಲಿಲ್ಲ. ಬೀಗ, ಕೀಲಿಕೈ ಎರಡನ್ನೂ ಅವನ ದುಡ್ಡಿನ ಗಲ್ಲೆಯ ಮೇಲಿಟ್ಟು ಮನೆಯ ಕಡೆ ತಿರುಗಿದಳು.

“ಇದನ್ನ ಕೊಡಾಕ ಬಂದ್ಯಾ ತಂಗಿ?” ವಿರುಪಣ್ಣ ನಕ್ಕ. ನಕ್ಕಿದ್ದಕ್ಕೆ ತಾನೇ ನಾಚಿದ. “ತಿಪ್ಪಿಗೆ ಒಗದಿದ್ರೂ ನಡೀತಿತ್ತು.”

“ಹಂಗ್ಯಾಕಂತೀರಿ ಅಣ್ಣಾರ? ಎರಡು ವರ್ಷ ನಮ್ಮ ಬಾಗಲಾ ಕಾದೈತಿ.”

“ಇದು? ನಮ್ಮಪ್ಪನ ಕಾಲಕ್ಕ ಇದರ ಹೊಟ್ಟ್ಯಾಗಿನ ಸ್ಪ್ರಿಂಗ್ ಮುರದೈತಿ. ಬೀಗ ಹತ್ತೂದ ಇಲ್ಲ, ಜಗ್ಗಿದ್ರ ಬರತೈತಿ. ಅಂದಪ್ಪಗ ಹೇಳೇ ಕೊಟ್ಟಿದ್ದೆ. ಇರಲಿ, ನೋಡಿದವರು ಹೆದರಿದ್ರ ಸಾಕು ಅಂದ.”

ಶೇಖರಮ್ಮ ಬೀಗವನ್ನು ಮತ್ತೆ ಕೈಗೆತ್ತಿಕೊಂಡಳು. ಒಂದು ಬೆರಳಿನಿಂದ ಎಳೆದಳು.

ಬಾಯಿ ತೆರೆದ ಬೀಗವನ್ನು ಹಾಗೇ ಗಲ್ಲೆಯ ಮೇಲಿಟ್ಟು, ಅವಳು ಬಸ್ಸು ಹತ್ತಿದಳು.