ಮಂಚದ ಕೆಳಗಿನ ಅಂಗೈ

ಅಣ್ಣನ ಮೂಗಿನ ತುದಿಯಿಂದ ನೆಲಕ್ಕೆ ತೊಟ್ಟಿಕ್ಕಿದ್ದ ಹನಿಗಳನ್ನು ತಂಗಿ ಹಳೇ ಬಟ್ಟೆಯಿಂದ ಒರೆಸಿದಳು. ಅದು ಕಣ್ಣಿಗೆ ಹಾಕಿದ ಔಷಧವೋ ಕಣ್ಣೀರೋ ಗೊತ್ತಾಗುವಂತಿರಲಿಲ್ಲ. ಮಂಚದ ಅಂಚಿನಾಚೆ ಮುಖ ಚಾಚಿ, ನೆಲ ನೋಡುತ್ತಾ ಬೋರಲು ಮಲಗಿ ಅವನಿಗೆ ಇದು ಮೂರನೆಯ ದಿನ.

ಅವನು ದರ್ಜಿ. ಬಲಗಣ್ಣಿನ ಒಳಪರದೆ ಕಿತ್ತು ಬಂದಿತ್ತು. ಡಾಕ್ಟರು ಅದನ್ನು ಸ್ವಸ್ಥಾನದಲ್ಲಿ ಕೂರಿಸಿ, ಒತ್ತಿ ಹಿಡಿಯಲೆಂದು ಕಣ್ಣಿನೊಳಗೊಂದು ಗಾಳಿಗುಳ್ಳೆ ಬಿಟ್ಟಿದ್ದರು. ಏಳು ದಿನ ಮುಖ ಕೆಳಗೇ ಇರಬೇಕು, ಊಟಕ್ಕೂ ಬಚ್ಚಲಿಗೂ ತಲೆ ತಗ್ಗಿಸಿಯೇ ಹೋಗಬೇಕು, ಎತ್ತಿದರೆ ಗುಳ್ಳೆ ಜಾಗ ಬಿಡುತ್ತದೆ ಎಂದಿದ್ದರು. ಎಡಗಣ್ಣು ಹುಟ್ಟಿನಿಂದಲೇ ಮಂಕು. ಮನುಷ್ಯರು ಕಾಣುತ್ತಾರೆ, ಸೂಜಿ ಕಾಣುವುದಿಲ್ಲ.

“ಸಾಕು,” ಅಂದ ಅಣ್ಣ, ನೆಲಕ್ಕೆ. “ಹೋದ್ರೆ ಹೋಗ್ಲಿ ಕಣ್ಣು. ಎದ್ದು ಕೂರ್ತೀನಿ.”

ಮೊಣಕೈ ಊರಿದ. ತಂಗಿ ಬಟ್ಟೆ ಬಿಟ್ಟು ಅವನ ಹೆಗಲು ಹಿಡಿದಳು.

ಮೂಲೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಅಮ್ಮ ಕಣ್ಣು ತೆರೆದಳು. ದಿನಾ ಬೆಳಿಗ್ಗೆ ಅವಳು ಹಾಗೆ ಸುಮ್ಮನೆ ಕೂರುವುದಕ್ಕೆ ಅಣ್ಣ ಇಟ್ಟ ಹೆಸರು ‘ಅಮ್ಮನ ಎರಡನೇ ನಿದ್ದೆ’.

“ಇಪ್ಪತ್ತು ವರ್ಷ ಮಿಷನ್ ಮುಂದೆ ತಲೆ ಬಗ್ಗಿಸಿದವನು ನೀನು. ಈಗೇನು ಬಂತೋ?”

“ಆಗ ಕೊನೆಗೊಂದು ಪ್ಯಾಂಟಾದ್ರೂ ಆಗ್ತಿತ್ತಮ್ಮ.”

ಅಮ್ಮ ಮಂಡಿ ಹಿಡಿದುಕೊಂಡು ಎದ್ದು ಬಂದು, ಸರಿಯಾಗಿ ಅವನ ಮುಖದ ಕೆಳಗೆ ಕೂತಳು. ಅಂಗೈ ಬಿಡಿಸಿ ಅವನ ಎಡಗಣ್ಣಿಗೆ ಕಾಣುವಷ್ಟು ಹತ್ತಿರ ಹಿಡಿದು, ಕಿರುಬೆರಳಿನ ಬುಡದ ಗೆರೆಯ ಮೇಲೆ ಹೆಬ್ಬೆರಳಿಟ್ಟಳು.

“ಉಸಿರು ಬಿಟ್ಟಾಗ ಒಂದು ಗೆರೆ ಮುಂದೆ ಹೋಗ್ತೀನಿ. ನೀನೂ ಜೊತೆಗೆ ಬಾ. ಇಷ್ಟೇ ಕೆಲಸ.”

“ಇದ್ರಿಂದ ಕಣ್ಣು ಬರುತ್ತಾ?”

“ಕಣ್ಣು ಡಾಕ್ಟರ ಕೆಲಸ, ಅವರು ಮಾಡಿ ಆಯ್ತು. ಅಲ್ಲಾಡದೆ ಇರೋದು ನಿನ್ನ ಕೆಲಸ.”

“ಇನ್ನೂ ನಾಲ್ಕು ದಿನ ಇದೆಯಮ್ಮ.”

“ನಾಲ್ಕು ದಿನ ಯಾರು ಕೇಳಿದ್ರು? ಈ ಒಂದು ಗೆರೆ ದಾಟು. ನಿಮ್ಮಪ್ಪ ಮಾತು ನಿಂತು ಮಲಗಿದ್ರಲ್ಲ, ಆ ವರ್ಷ ಪೂರ್ತಿ ನಾನು ದಾಟಿದ್ದು ಹೀಗೇ. ಮೊದಲು ಒಂದು ವಾರ ಅಳ್ತಾ ಕೂತೆ. ಆಮೇಲೆ ಎಣಿಸಿದೆ.”

ಅಣ್ಣ ಊರಿದ್ದ ಮೊಣಕೈ ಮೆಲ್ಲಗೆ ಹಾಸಿಗೆಗೆ ಇಳಿಯಿತು.

“ಹೋಯ್ತು,” ಅಂದ ಆಮೇಲೆ. “ನಾಲ್ಕನೇ ಗೆರೆಗೇ ಮನಸ್ಸು ಅಂಗಡಿಗೆ ಓಡಿಹೋಯ್ತು.”

“ಕರ್ಕೊಂಡು ಬಾ. ಬೈಬೇಡ. ಮೊದಲಿಂದ ಹಿಡಿ.”

“ಮತ್ತೆ ಹೋಯ್ತು.”

“ಹೋಗ್ಲಿ. ಮತ್ತೆ ಕರ್ಕೊಂಡು ಬಾ. ನೀನು ಚಿಕ್ಕವನಿದ್ದಾಗ ನಿನ್ನನ್ನ ಇದಕ್ಕಿಂತ ಹೆಚ್ಚು ಸಲ ಬೀದಿಯಿಂದ ಎಳ್ಕೊಂಡು ಬಂದಿದ್ದೀನಿ.”

ತಂಗಿ ಬಾಗಿಲ ಬಳಿ ಕೂತು ಅರ್ಧಕ್ಕೆ ನಿಂತಿದ್ದ ಶರ್ಟಿನ ಗುಂಡಿತೂತಿಗೆ ಕಾಜ ಹೊಲಿಯಲು ತೊಡಗಿದಳು. ಮಾತು ಕಡಿಮೆಯಾಗುತ್ತಾ ಬಂದು ನಿಂತೇಹೋಯಿತು. ಅಮ್ಮನ ಕೈ ಸೋತಾಗ, ಒಂದು ಗೆರೆಯೂ ತಪ್ಪದಂತೆ, ಅವಳದೇ ಇನ್ನೊಂದು ಅಂಗೈ ಅಲ್ಲಿಗೆ ಬಂತು. ಮೂರು ದಿನದಿಂದ ಹುರಿಗಟ್ಟಿದ್ದ ಅಣ್ಣನ ಕತ್ತು ಸಡಿಲಾಗಿ, ಹೆಗಲೆರಡೂ ಹಾಸಿಗೆಗೆ ಒರಗಿದ್ದನ್ನು ತಂಗಿ ನೋಡಿದಳು. ತನ್ನ ಸೂಜಿಯೂ ಯಾವಾಗಲೋ ಅವರ ಉಸಿರಿಗೆ ಸರಿಯಾಗಿ ಏಳುತ್ತಾ ಇಳಿಯುತ್ತಾ ಇತ್ತು. ನಾಲ್ಕು ದಿನವೇನು, ನಲವತ್ತಾದರೂ ಇವನು ಕಳೆಯುತ್ತಾನೆ ಅನ್ನಿಸಿತು ಅವಳಿಗೆ.

ಹೊರಗೆ ಯಾರೋ ಬಾಗಿಲು ಬಡಿದರು.

“ಮಾಸ್ಟ್ರೇ, ಇದ್ದೀರಾ?”

ತಂಗಿಯ ಕೈ ಗಾಳಿಯಲ್ಲೇ ನಿಂತಿತು. ಗಿರಾಕಿಯ ದನಿ ಕಿವಿಗೆ ಬಿದ್ದರೆ ತುತ್ತು ಬಿಟ್ಟು ಏಳುವ ಮನುಷ್ಯ ಅಣ್ಣ. ಅವಳು ಅವನ ಕತ್ತನ್ನೇ ನೋಡಿದಳು. ಒಂದು ನರವೂ ಮಿಡುಕಲಿಲ್ಲ. ಮಂಚದ ಕೆಳಗೆ ಹೆಬ್ಬೆರಳು ಒಂದು ಗೆರೆಯಿಂದ ಮುಂದಿನ ಗೆರೆಗೆ ಸರಿಯಿತು. ಅರ್ಧ ಎದ್ದಿದ್ದ ತಂಗಿ, ಸೆರಗಿನ ಸಪ್ಪಳವೂ ಆಗದಂತೆ, ಮತ್ತೆ ಕೂತಳು.

“ಯಾರಾದ್ರೂ ಒಂಚೂರು ಬಾಗಿಲು ತೆಗೀರಿ,” ಅಂದಿತು ಹೊರಗಿನ ದನಿ. ತಂಗಿ ಏಳಲಿಲ್ಲ; ಅವಳ ಸೂಜಿ ಮತ್ತೆ ಅವರ ಉಸಿರಿಗೆ ಇಳಿಯಿತು.