ಅಯಸ್ಕಾಂತ ಹಿಡಿದ ಪಾತ್ರೆ

ಅಯಸ್ಕಾಂತದ ತುಂಡು ಈ ಪಾತ್ರೆಗೂ ಟಕ್ಕನೆ ಅಂಟಿಕೊಂಡಿತು. “ಇದೂ ಕಬ್ಬಿಣಾನ! ಮಗಳ ಮದಿವಿಗೆ ಇಂಥಾದ್ದು ಕೊಟ್ರ ಬೀಗರು ನಗ್ತಾರ,” ಎಂದು ದೇವಕಮ್ಮ ಅದನ್ನೂ ಪಕ್ಕಕ್ಕೆ ತಳ್ಳಿದಳು.

ರಂಗಂಪೇಟೆಯ ಪಾತ್ರೆ ಅಂಗಡಿಯ ಬಾಷುಮಿಯಾ ಹಣೆ ಒತ್ತಿಕೊಂಡ. “ಅದೂ ಸ್ಟೀಲೇ ರೀ ಅಕ್ಕಾರ. ನಿಕ್ಕಲ್ ಬೆರೆಸಿದ್ರ ಮ್ಯಾಗ್ನೆಟ್ ಹಿಡಿಯಂಗಿಲ್ಲ, ಬೆರೆಸದಿದ್ರ ಹಿಡೀತೈತಿ.”

“ಮಾರೋರು ನೀವು, ಹಂಗ ಅಂತೀರಿ. ಶಹಾಪುರಕ್ಕ ಹೋಗ್ತೀವಿ ಬಿಡ್ರಿ.”

ಬಾಷುಮಿಯಾ ಅಟ್ಟ ಹತ್ತಿ, ಅಂಟದ ಪಾತ್ರೆಗಳನ್ನೆಲ್ಲ ಇಳಿಸಿ ಬೆವರೊರೆಸಿಕೊಂಡ. ಕಟ್ಟಲು ಹಗ್ಗ ಎಳೆಯುವಷ್ಟರಲ್ಲಿ ಮದುಮಗಳು ಭಾಗ್ಯ ಮೊದಲ ಸಲ ಬಾಯಿಬಿಟ್ಟಳು: “ಯವ್ವಾ, ಬೀಗರ ಮನ್ಯಾಗ ಇಂಡಕ್ಷನ್ ಒಲಿ ಐತಿ. ಮ್ಯಾಗ್ನೆಟ್ ಹಿಡಿಯೋ ಪಾತ್ರಿ ಅಷ್ಟ ಅದರ ಮ್ಯಾಲ ಕಾಯೋದು.”

ದೇವಕಮ್ಮ ತಳ್ಳಿದ್ದ ರಾಶಿಯನ್ನು ಮಡಿಲಿಗೆಳೆದುಕೊಂಡು ಬಾಷುಮಿಯಾನನ್ನೇ ದುರುಗುಟ್ಟಿದಳು. “ಚಲೋವು ಇಲ್ಲೇ ಇಟಗೊಂಡು, ಅಟ್ಟದ ಮ್ಯಾಲಿನವು ಯಾಕ ಇಳಿಸಿದ್ರಿ ಸಾಹೇಬ್ರ?”